ಹದಿನಾರು ಪುಟ ಕಡಿಮೆ ಬಿದ್ದ ನಾಯಕಿ

ಪುಸ್ತಕಗಳಿಗೆ ರಟ್ಟು ಕಟ್ಟುವ ಅವನನ್ನು ಬೀದಿಯವರೆಲ್ಲ ಅಂಟಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಉಗುರಿನ ಸಂದಿಯಲ್ಲಿ ಸದಾ ಒಣಗಿದ ಮೈದಾ ಅಂಟು, ಸೂಜಿ ತಳ್ಳಿ ತಳ್ಳಿ ಕಲ್ಲಿನಂತಾದ ಹೆಬ್ಬೆರಳು, ಕಿವಿಯ ಮೇಲೊಂದು ಪೆನ್ಸಿಲ್. ಅಂಗಡಿ ಎಂದರೆ ಎಂಟು ಹೆಜ್ಜೆ ಉದ್ದದ ಕೋಣೆ. ಒಳಗೆ ಕೈಚಕ್ರ ತಿರುಗಿಸಿ ಪುಸ್ತಕ ಅದುಮುವ ಕಬ್ಬಿಣದ ಪ್ರೆಸ್ಸು, ಹೊಲಿಯಲು ಮರದ ಚೌಕಟ್ಟು, ಗೋಡೆಗೊರಗಿದ ರಟ್ಟಿನ ರಾಶಿ. ಬಂದವರು ಕೂರಲೆಂದು ಒಂದು ಸ್ಟೂಲಿತ್ತು. ಅದರ ಮೇಲೂ ಯಾವಾಗಲೂ ಪುಸ್ತಕವೇ ಕೂತಿರುತ್ತಿತ್ತು.

ಇಷ್ಟು ಪುಸ್ತಕಗಳ ನಡುವೆ ಮುದುಕನಾದವನು ಒಂದನ್ನೂ ಓದಿದವನಲ್ಲ. ಯಾರಾದರೂ ಕೇಳಿದರೆ, "ನಾನು ಓದ್ತಾ ಕೂತ್ರೆ ಹೊಲಿಯೋಕೆ ನಿಮ್ಮಪ್ಪ ಬರ್ತಾನಾ?" ಎನ್ನುತ್ತಿದ್ದ. ಅವನಿಗೆ ಪುಸ್ತಕವೆಂದರೆ ಫಾರಂಗಳು, ಅಷ್ಟೆ. ಒಂದು ದೊಡ್ಡ ಹಾಳೆ ಮಡಚಿದರೆ ಹದಿನಾರು ಪುಟ. ಅದು ಒಂದು ಫಾರಂ. ಅಂಥ ಹತ್ತೋ ಇಪ್ಪತ್ತೋ ಸೇರಿಸಿ ಹೊಲಿದು, ಬೆನ್ನಿಗೆ ಬಟ್ಟೆ ಹಚ್ಚಿ, ರಟ್ಟು ಕೂರಿಸಿದರೆ ಅವನ ಕೆಲಸ ಮುಗಿಯಿತು. ಕತೆ ಬೇಕೆನಿಸಿದರೆ ಎದುರಿಗೇ ಟಾಕೀಸಿತ್ತು.

ಸಿನಿಮಾ ಹುಚ್ಚಿನಲ್ಲಿ ಅವನನ್ನೂ ಮೀರಿಸಿದವನು ಪಕ್ಕದ ಕ್ಷೌರದಂಗಡಿಯವನು. ಯಾವ ಸಿನಿಮಾ ಬರಲಿ, ಮೊದಲ ಆಟಕ್ಕೇ ಬಾಗಿಲೆಳೆದು ಓಡುತ್ತಿದ್ದುದರಿಂದ ಅವನ ಹೆಸರು ಫಸ್ಟ್ ಶೋ. ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯೊಬ್ಬ ಉಳಿದರ್ಧವನ್ನು ಇಂಟರ್ವಲ್‌ನಲ್ಲಿ ಹೆರೆಸಿಕೊಂಡನೆಂದು ಬೀದಿಯಲ್ಲಿ ಸುದ್ದಿಯಿತ್ತು. ಸುಳ್ಳೆಂದು ಫಸ್ಟ್ ಶೋ ಒಮ್ಮೆಯೂ ಹೇಳಲಿಲ್ಲ.

ಅಂಥ ಬೀದಿಯ ಟಾಕೀಸಿಗೆ ಆ ವರ್ಷ 'ನಮ್ಮೋಳು' ಬಂದಳು.

ಅವಳು ಒಂದು ಹಳೆಯ ಕಾದಂಬರಿಯ ನಾಯಕಿ. ಬಟ್ಟೆ ಗಿರಣಿಯ ನೇಯುವ ಹೆಂಗಸು. ಗಿರಣಿಯ ಮುಷ್ಕರ, ಹಸಿವು, ಜಗಳ ಎಲ್ಲ ಅದರಲ್ಲಿತ್ತು. ಪುಸ್ತಕ ಮತ್ತೆ ಅಚ್ಚಾಗದೆ ಎಷ್ಟೋ ವರ್ಷವಾಗಿ, ಊರಿಗೆಲ್ಲ ಇದ್ದದ್ದು ಕಾರ್ಮಿಕ ಸಂಘದ ಲೈಬ್ರರಿಯ ಒಂದೇ ಪ್ರತಿ. ಅದೊಂದನ್ನೇ ತಾಯಿ ಓದಿ ಮಗಳಿಗೆ, ಮಗಳು ಓದಿ ಸೊಸೆಗೆ ದಾಟಿಸಿದ್ದರು. ನಾಯಕಿಗೆ ಲೇಖಕರು ಏನು ಹೆಸರಿಟ್ಟಿದ್ದರೋ, ಗಿರಣಿಯ ಹೆಂಗಸರ ಬಾಯಲ್ಲಿ ಅವಳು ನಮ್ಮೋಳು. ಮನೆಗೆ ಬಂದು ಹೋಗುವ ನೆಂಟಳ ಬಗ್ಗೆ ಮಾತಾಡುವಂತೆ ಅವಳ ಬಗ್ಗೆ ಮಾತಾಡುತ್ತಿದ್ದರು.

ಅವರಲ್ಲೆಲ್ಲ ಮುಂದಾಳು ಅಂಟಣ್ಣನ ಅಕ್ಕ. ಊಟದ ಬಿಡುವಿನಲ್ಲಿ ಗಿರಣಿಯ ಅಂಗಳದಲ್ಲಿ ಕೂತು ಅಕ್ಷರ ಬಾರದವರಿಗೆಲ್ಲ ಆ ಪುಸ್ತಕ ಓದಿ ಹೇಳಿದವಳು ಅವಳೇ. ಒಮ್ಮೆಯಲ್ಲ, ನಾಲ್ಕು ಸಲ. ಕೊನೆಯ ಪುಟದಲ್ಲಿ ಮಾಲೀಕರು ನಮ್ಮೋಳ ಮುಂದೆ ಮುಚ್ಚಳಿಕೆ ಇಡುತ್ತಾರೆ. ಇನ್ನು ಸಂಘದ ಸುದ್ದಿಗೆ ಹೋಗುವುದಿಲ್ಲ ಎಂದು ಸಹಿ ಹಾಕಿದರೆ ಕೆಲಸ, ಇಲ್ಲವಾದರೆ ಬೀದಿ. ಅವಳು ಪೆನ್ನು ಕೈಗೆತ್ತಿಕೊಂಡು, ಕಾಗದ ನೋಡಿ, ಪೆನ್ನನ್ನು ಕೆಳಗಿಡುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯಿತು. ಅಕ್ಕ ಆ ಸಾಲು ಓದಿ ಪುಸ್ತಕ ಮುಚ್ಚಿದರೆ ಅಂಗಳದಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ.

ಆಮೇಲೆ ನಿಜವಾದ ಗಿರಣಿಯಲ್ಲೂ ಹಾಗೇ ಆಯಿತು. ಮೂರು ತಿಂಗಳು ಬೀಗ ಜಡಿದು, ನಾಲ್ಕನೇ ತಿಂಗಳು ಗೇಟಿನಲ್ಲಿ ಮೇಜು ಹಾಕಿ, ಮುಚ್ಚಳಿಕೆಯ ಕಂತೆ ಇಟ್ಟುಕೊಂಡು ಮ್ಯಾನೇಜರ್ ಕೂತ. ಹೆಚ್ಚಿನವರು ಸಹಿ ಹಾಕಿದರು. ಹಾಕದೆ ಉಳಿದವರು ಹನ್ನೆರಡು ಜನ, ಅಕ್ಕ ಅವರಲ್ಲೊಬ್ಬಳು. ಅಲ್ಲಿಂದ ಮುಂದೆ ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದಳು. ಪಕ್ಕದ ಮಗ್ಗದ ಸಣ್ಣಿ, ಒಂದೇ ಬುತ್ತಿಯಲ್ಲಿ ಕೈಯಿಟ್ಟು ಉಂಡವಳು, ಸಹಿ ಹಾಕಿ ಒಳಗೆ ಹೋದಳು. ಅಕ್ಕ ಅವಳಿಗೆ ಹೇಳಿದ್ದು ಒಂದೇ ಮಾತು. "ನಮ್ಮೋಳು ಹಾಕಲಿಲ್ಲ. ನೀನು ಹಾಕ್ದೆ." ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಮನೆ ಎರಡು ಬೀದಿ ದೂರ, ಇಪ್ಪತ್ತೆಂಟು ವರ್ಷ.

ಇಂಥ ಪುಸ್ತಕ ಸಿನಿಮಾ ಆಯಿತೆಂದರೆ ಕೇಳಬೇಕೆ? ಮೊದಲ ದಿನವೇ ಬೀದಿಗೆ ಬೀದಿಯೇ ನುಗ್ಗಿತು. ಮಾರನೆಯ ದಿನ ಕ್ಷೌರದಂಗಡಿಯಲ್ಲಿ ಬ್ಲೇಡಿಗಿಂತ ಬಾಯಿ ಹರಿತವಾಗಿತ್ತು.

"ಆ ನಟಿ ಮಗ್ಗದ ಮುಂದೆ ನಿಂತದ್ದು ನೋಡಿದ್ರಾ?" ಅಕ್ಕ ಬಾಗಿಲಲ್ಲಿ ನಿಂತೇ ಶುರು ಮಾಡಿದಳು. "ನೂಲು ಕಡಿದ್ರೆ ಎರಡು ತುದಿ ಹುಡುಕಿ, ಬೆರಳು ನಾಲಿಗೆಗೆ ಮುಟ್ಟಿಸಿ, ಚಕ್ ಅಂತ ಗಂಟು ಹಾಕ್ಬೇಕು. ಈಯಮ್ಮ ಕಿಟಕಿ ಕಡೆ ತಿರುಗಿ ನಿಟ್ಟುಸಿರು ಬಿಡ್ತಾಳೆ! ನಿಟ್ಟುಸಿರು ಬಿಡ್ತಾ ನಿಂತಿದ್ರೆ ನಮ್ಮ ಮೇಸ್ತ್ರಿ ಕಿವಿಯಲ್ಲಿ ಹುಳ ಬೀಳೋ ಹಾಗೆ ಬೈತಿದ್ದ."

"ಅಕ್ಕಾ, ಅವಳನ್ನ ಅನ್ನಬೇಡ," ಫಸ್ಟ್ ಶೋ ಗಿರಾಕಿಯ ಗಂಟಲ ಮೇಲೆ ಕತ್ತಿಯಿಟ್ಟುಕೊಂಡೇ ವಾದಿಸಿದ. "ಕಣ್ಣಲ್ಲೇ ಆ್ಯಕ್ಟಿಂಗ್ ಮಾಡ್ತಾಳೆ ಆ ಹುಡುಗಿ. ಹೋದ ಸಿನಿಮಾದಲ್ಲಿ ಪೊಲೀಸಮ್ಮ ಆಗಿದ್ಳಲ್ಲ, ಏನು ನಡಿಗೆ! ತಪ್ಪೆಲ್ಲ ಡೈರೆಕ್ಟರಮ್ಮಂದು. ಕೊನೇಲಿ ನಮ್ಮೋಳ ಕೈಲಿ ಸಹಿ ಹಾಕಿಸಿಬಿಟ್ಟಳಲ್ಲ! ಪುಸ್ತಕದ ಕುತ್ತಿಗೆ ಹಿಸುಕಿಬಿಟ್ಟಳು."

"ಅಣ್ಣಾ, ನನ್ನ ಕುತ್ತಿಗೆ ಸ್ವಲ್ಪ ನೋಡ್ಕೊ," ಎಂದ ಗಿರಾಕಿ.

ಜಗಳ ಇದ್ದದ್ದೇ ಅಲ್ಲಿ. ಸಿನಿಮಾದಲ್ಲಿ ನಮ್ಮೋಳು ಕೆಳಗಿಟ್ಟ ಪೆನ್ನನ್ನು ಮತ್ತೆ ಎತ್ತಿಕೊಂಡು ಸಹಿ ಹಾಕುತ್ತಾಳೆ. ಮರುದಿನ ಮಗ್ಗದ ಮುಂದೆ ನಿಲ್ಲುತ್ತಾಳೆ. ಬೀದಿಯ ಪಾಲಿಗೆ ಇದು ಮನೆಯ ಹೆಣ್ಣಿನ ಮೇಲೆ ಹೊರಿಸಿದ ಅಪವಾದ.

ಲೈಬ್ರರಿ ನೋಡಿಕೊಳ್ಳುತ್ತಿದ್ದ ನಿವೃತ್ತ ಮೇಷ್ಟ್ರು ಹೊಸದಾಗಿ ಅಚ್ಚಾದ ಕಾದಂಬರಿ ತಂದು ತೋರಿಸಿದರು. "ನೋಡಿಯಮ್ಮ, ಪುಸ್ತಕದಲ್ಲೂ ಹಾಗೇ ಇದೆ. ಸಹಿ ಹಾಕ್ತಾಳೆ."

ಅಕ್ಕ ಪುಸ್ತಕ ಮುಟ್ಟಲೂ ಇಲ್ಲ. "ಹೊದಿಕೆ ಮೇಲೆ ಯಾರ ಮುಖ ಇದೆ ಮೇಷ್ಟ್ರೇ? ಆ ನಟೀದು. ಮುಖಾನೇ ಬದಲಾಯಿಸಿದೋರಿಗೆ ಕೊನೆ ಬದಲಾಯಿಸೋದು ಏನು ಮಹಾ? ಸಿನಿಮಾಗೆ ಹೊಂದಲಿ ಅಂತ ಪುಸ್ತಕ ತಿದ್ದಿಸಿದ್ದಾರೆ. ಬರೆದ ಪುಣ್ಯಾತ್ಮ ಸತ್ತು ಎಷ್ಟು ವರ್ಷ ಆಯ್ತು, ಕೇಳೋರ್ಯಾರು?"

ಮೇಷ್ಟ್ರಿಗೂ ಅನುಮಾನ ಹತ್ತಿತು. ಹೊಸ ಪುಸ್ತಕದಲ್ಲಿ ಅಕ್ಷರ ಸಣ್ಣದು, ಪುಟ ಎಣಿಸಿ ತಾಳೆ ನೋಡುವ ಹಾಗಿಲ್ಲ. ಭಾನುವಾರ ಬೆಳಗ್ಗೆ ಟಾಕೀಸಿನಲ್ಲೇ ಡೈರೆಕ್ಟರಮ್ಮನ ಜೊತೆ ಸಂವಾದ ಇತ್ತು. ಹಳೇ ಗಿರಣಿಯ ಹೆಂಗಸರಿಗೆಲ್ಲ ಆಹ್ವಾನ ಬಂದಿತ್ತು. ಅಕ್ಕ ಅಲ್ಲೇ ತೀರ್ಮಾನ ಮಾಡಿದಳು. "ಲೈಬ್ರರಿ ಪುಸ್ತಕ ತಗೊಂಡು ಹೋಗ್ತೀನಿ. ಎಲ್ಲರ ಮುಂದೆ ಕೊನೇ ಪುಟ ಓದ್ತೀನಿ. ಆ ಡೈರೆಕ್ಟರಮ್ಮ ಮುಖ ಎಲ್ಲಿಟ್ಕೋತಾಳೋ ನೋಡೇಬಿಡೋಣ."

ಮೂಲೆಯ ಬೆಂಚಿನ ಮೇಲೆ ಕೂತಿದ್ದ ಅಂಟಣ್ಣ ಎದ್ದು ತನ್ನ ಅಂಗಡಿಗೆ ಹೋಗಿ, ಪ್ರೆಸ್ಸಿನಲ್ಲಿ ಯಾವ ಪುಸ್ತಕವೂ ಇಲ್ಲದಿದ್ದರೂ ಚಕ್ರ ತಿರುಗಿಸಿದ.

ಯಾಕೆಂದರೆ ಸಿನಿಮಾದಲ್ಲಿ ಆ ನಟಿ ಎರಡನೇ ಸಲ ಪೆನ್ನಿಗೆ ಕೈ ಹಾಕಿದಾಗ ಟಾಕೀಸಿನಲ್ಲಿ ಎಲ್ಲರೂ ಬೊಬ್ಬೆ ಹಾಕಿದ್ದರು. ಅಂಟಣ್ಣ ಒಬ್ಬ ಮಾತ್ರ ಕುರ್ಚಿಯಲ್ಲಿ ಕುಗ್ಗಿಹೋಗಿದ್ದ. ಅವನಿಗೆ ನೆನಪಾದದ್ದು ಇಪ್ಪತ್ತನೇ ಫಾರಂ.

ಮೂವತ್ತೊಂದು ವರ್ಷದ ಹಿಂದಿನ ಮಾತು. ಲೈಬ್ರರಿಯ ನೀರಿನ ಪೈಪು ಒಡೆದು ಇನ್ನೂರು ಪುಸ್ತಕ ತೊಯ್ದುಹೋದವು. ಎಲ್ಲವನ್ನೂ ಬಿಚ್ಚಿ, ಒಣಗಿಸಿ, ಮತ್ತೆ ಕಟ್ಟುವ ಕೆಲಸ ಅಂಟಣ್ಣನ ಪಾಲಿಗೆ ಬಂತು. ಆಗಿನ್ನೂ ಅಂಗಡಿ ಹಾಕಿ ವರ್ಷ ತುಂಬಿರಲಿಲ್ಲ. ಕೋಣೆ ತುಂಬ ಫಾರಂ. ಹಗ್ಗದ ಮೇಲೆ, ಕಿಟಕಿಯಲ್ಲಿ, ಹಾಸಿಗೆಯ ಮೇಲೆ ಕೂಡ. ಕಾರ್ಖಾನೆ ಕಾನೂನಿನ ಒಂದು ದಪ್ಪ ಪುಸ್ತಕಕ್ಕೆ ಗಟ್ಟಿ ರಟ್ಟು ಸಿಗದೆ, ಎರಡು ತೆಳು ರಟ್ಟಿನ ನಡುವೆ ರದ್ದಿ ಕಾಗದ ತುಂಬಿ ಅಂಟಿಸಿದ. ಆ ಕಸಬಿನಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸವೇ. ಮಾರನೆಯ ದಿನ, ಲೈಬ್ರರಿಗೆ ಆಗಷ್ಟೇ ಬಂದು ಇನ್ನೂ ಯಾರೂ ಓದಿರದ ಆ ಕಾದಂಬರಿ ಹೊಲಿಯಲು ಕೂತಾಗ, ಬಿಚ್ಚುವಾಗ ಫಾರಂ ಎಣಿಸಿ ಬರೆದಿಟ್ಟ ಚೀಟಿಯಲ್ಲಿ ಇಪ್ಪತ್ತು ಎಂದಿತ್ತು, ಕೈಯಲ್ಲಿ ಹತ್ತೊಂಬತ್ತಿತ್ತು. ರದ್ದಿ ಎಂದು ರಟ್ಟಿನೊಳಗೆ ತುಂಬಿದ್ದು ಏನೆಂದು ಆಗ ಹೊಳೆಯಿತು. ಕಾನೂನಿನ ಪುಸ್ತಕ ಅಷ್ಟರಲ್ಲಿ ಲೈಬ್ರರಿಗೆ ಹೋಗಿತ್ತು.

ಹೇಳಿದ್ದರೆ ಸಂಘದ ಕೆಲಸ ಅಂದೇ ಕೈತಪ್ಪುತ್ತಿತ್ತು. ಹತ್ತೊಂಬತ್ತನೇ ಫಾರಂನ ಕೊನೆ ಪುಟ ತಿರುಗಿಸಿ ನೋಡಿದ. ಪುಟದ ಬುಡದಲ್ಲಿ ವಾಕ್ಯ ಮುಗಿದಿತ್ತು, ಚುಕ್ಕೆ ಬಿದ್ದಿತ್ತು. ಇನ್ನೇನಿರುತ್ತದೆ, ಪ್ರಕಾಶಕರ ಬೇರೆ ಪುಸ್ತಕಗಳ ಜಾಹೀರಾತಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹೊಲಿದುಬಿಟ್ಟ. ಓದುವವನಾಗಿದ್ದರೆ ತಿಳಿಯುತ್ತಿತ್ತು. ಅಕ್ಕ ಮುಚ್ಚಳಿಕೆಗೆ ಸಹಿ ಹಾಕದೆ ಬಂದ ದಿನ ಅವನಿಗೆ ಹೆಮ್ಮೆಯೇ ಆಗಿತ್ತು. ಹದಿನಾರು ಪುಟದ ನೆನಪೇ ಬಂದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಲೈಬ್ರರಿಗೆ ಹೋಗಿ, "ಆ ಕಾನೂನಿನ ಪುಸ್ತಕದ ಬೆನ್ನು ಸಡಿಲಾಗಿದೆ ಅಂತಿದ್ರಲ್ಲ, ಕೊಡಿ," ಎಂದ.

"ನಾನ್ಯಾವಾಗ ಅಂದೆ?" ಮೇಷ್ಟ್ರು ಕನ್ನಡಕ ಏರಿಸಿದರು. "ಅದನ್ನ ಮುಟ್ಟಿದೋರೇ ಇಲ್ಲ ಮಾರಾಯ, ಬೆನ್ನು ಹೇಗೆ ಸಡಿಲಾಗುತ್ತೆ? ಬೇಕಾದ್ರೆ ತಗೊಂಡು ಹೋಗು."

ಅಂಗಡಿಯಲ್ಲಿ ಒದ್ದೆ ಬಟ್ಟೆ ಸುತ್ತಿಟ್ಟು, ಅಂಟು ನೆನೆದ ಮೇಲೆ ಅಲಗು ತೂರಿಸಿ ರಟ್ಟನ್ನು ಬಿಡಿಸಿದ. ಮಡಚಿದ ಫಾರಂ ಹಾಗೇ ಇತ್ತು. ಹೊರಗಿನ ಪುಟಗಳು ಅಂಟಿಗೆ ಸಿಕ್ಕಿ ಕಲೆಯಾಗಿದ್ದವು. ಒಳಗಿನವು ಮೊನ್ನೆ ಅಚ್ಚಾದಂತಿದ್ದವು. ಬಾಗಿಲು ಅರ್ಧ ಎಳೆದು, ಸ್ಟೂಲಿನ ಮೇಲಿನ ಪುಸ್ತಕಗಳನ್ನು ನೆಲಕ್ಕಿಳಿಸಿ, ಅಂಟಣ್ಣ ತನ್ನ ಜೀವನದಲ್ಲಿ ಮೊದಲ ಸಲ ಓದಲು ಕೂತ. ತುಟಿ ಅಲ್ಲಾಡಿಸುತ್ತ, ಬೆರಳಿಟ್ಟುಕೊಂಡು ಓದಿದ.

ನಮ್ಮೋಳು ಸಹಿ ಹಾಕುತ್ತಾಳೆ. ಮರುದಿನ ಕೆಲಸಕ್ಕೆ ಹೋಗುತ್ತಾಳೆ. ಸಹಿ ಹಾಕಿದವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಸಂಜೆ ಗೇಟಿನಾಚೆ, ಸಹಿ ಹಾಕದೆ ಕೆಲಸ ಕಳೆದುಕೊಂಡ ಗೆಳತಿ ಹಾದುಹೋಗುತ್ತಾಳೆ. ನಮ್ಮೋಳು ಕೂಗಿ ಕರೆಯುತ್ತಾಳೆ. ಆ ಗೆಳತಿ ತಿರುಗಿಯೂ ನೋಡುವುದಿಲ್ಲ. ನಮ್ಮೋಳು ಮತ್ತೊಮ್ಮೆ ಕೂಗುತ್ತಾಳೆ. ಪುಸ್ತಕ ಅಲ್ಲಿಗೆ ಮುಗಿಯುತ್ತದೆ.

ಸುಮ್ಮನಿದ್ದರೆ ಏನಾಗುತ್ತದೆಂದು ಯೋಚಿಸಿದ. ಅಕ್ಕ ಭಾನುವಾರ ತುಂಬಿದ ಟಾಕೀಸಿನಲ್ಲಿ ಕೈಯೆತ್ತಿ ಡೈರೆಕ್ಟರಮ್ಮನನ್ನು ಕಳ್ಳಿ ಎನ್ನುತ್ತಾಳೆ. ಆಕೆ ಹಳೇ ಪ್ರತಿ ಎಲ್ಲಿಂದಲೋ ಹುಡುಕಿ ತಂದಿರದೆ ಸಿನಿಮಾ ಮಾಡಿರುತ್ತಾಳೆಯೇ? ಎಲ್ಲರೆದುರು ತೆಗೆದು ತೋರಿಸುತ್ತಾಳೆ. ಅಕ್ಕನ ತಲೆ ತಗ್ಗುತ್ತದೆ. ಹೇಳಿದರೆ? ಅಕ್ಕನ ಇಡೀ ಬದುಕು ತನ್ನ ಅಂಟಿನ ಡಬ್ಬಿಯಿಂದ ಎದ್ದು ಬಂದದ್ದು ಎಂದಂತಾಗುತ್ತದೆ. ಎರಡರಲ್ಲಿ ಯಾವುದು ಮೇಲೆಂದು ಅವನಿಗೆ ತಿಳಿಯಲಿಲ್ಲ. ಶನಿವಾರ ಮಧ್ಯಾಹ್ನ ಫಾರಂ ಅನ್ನು ಅಂಗಿಯೊಳಗೆ ಇಟ್ಟುಕೊಂಡು ಅಕ್ಕನ ಮನೆಗೆ ಹೋದ.

ಅಕ್ಕ ಮೇಜಿನ ಮುಂದೆ ಕೂತು ಡೈರೆಕ್ಟರಮ್ಮನಿಗೆ ಕೇಳುವ ಪ್ರಶ್ನೆಗಳನ್ನು ಬರೆಯುತ್ತಿದ್ದಳು. ಏಳು ಆಗಿದ್ದವು.

"ಬಾ, ಎಂಟನೇದು ನೀನು ಹೇಳು," ಎಂದಳು.

ಅವನು ಫಾರಂ ಅನ್ನು ಮೇಜಿನ ಮೇಲಿಟ್ಟ. ಪೈಪು ಒಡೆದದ್ದರಿಂದ ಹಿಡಿದು ಒಂದನ್ನೂ ಬಿಡದೆ ಹೇಳಿದ. ಅಕ್ಕ ಪೆನ್ನಿನ ಮುಚ್ಚಳ ಹಾಕಿ, ಪ್ರಶ್ನೆಗಳ ಹಾಳೆಯನ್ನು ಬದಿಗೆ ಸರಿಸಿದಳು.

"ಎಷ್ಟು ಪುಟ?"

"ಹದಿನಾರು."

ಅವಳು ಓದಿದಳು. ಒಂದು ಸಲ ಮುಗಿಸಿ, ಕೊನೆಯ ಎರಡು ಪುಟ ಮತ್ತೆ ಓದಿದಳು. ಅಂಟಣ್ಣ ಗೋಡೆಗೊರಗಿ ನಿಂತೇ ಇದ್ದ. ಕೂರು ಎಂದು ಅವಳು ಹೇಳಲಿಲ್ಲ.

"ಅಕ್ಕ, ನನ್ನಿಂದ ನಿನ್ನ ಕೆಲಸ ಹೋಯ್ತು. ಇದು ಮೊದಲೇ ಇದ್ದಿದ್ರೆ ನೀನೂ..."

"ಲೋ ಮುಚ್ಚು!" ಅಕ್ಕ ತಲೆಯೆತ್ತಿದಳು. "ನಾನೇನು ಪುಸ್ತಕ ನೋಡಿ ಸಹಿ ಹಾಕದೆ ಬಂದೆ ಅಂದ್ಕೊಂಡ್ಯಾ? ಆ ಮ್ಯಾನೇಜರ್ ಮೂತಿ ನೋಡಿ ಬಂದೆ. ಹದಿನಾರಲ್ಲ, ಸಾವಿರದಾರುನೂರು ಪುಟ ಇದ್ದಿದ್ರೂ ಹಾಕ್ತಿರ್ಲಿಲ್ಲ. ನನ್ನ ಬದುಕಿನ ಯಜಮಾನ ನೀನು ಅಂತ ಬೀಗಬೇಡ. ಅಂಟು ಹಚ್ಚೋನು ಅಂಟು ಹಚ್ಚು."

ಅಂಟಣ್ಣನಿಗೆ ಉಸಿರು ಬಂತು. ಬಂದ ಉಸಿರು ಅಲ್ಲೇ ನಿಂತಿತು, ಯಾಕೆಂದರೆ ಅಕ್ಕನ ಕೈ ಇನ್ನೂ ಆ ಪುಟದ ಮೇಲೇ ಇತ್ತು.

"ಸಹಿ ನನ್ನದು," ಎಂದಳು. "ಆದ್ರೆ ಸಣ್ಣಿಗೆ ಅಂದದ್ದಿದೆಯಲ್ಲ, ಅದು ಪುಸ್ತಕದ್ದು. ನಮ್ಮೋಳು ಹಾಕಲಿಲ್ಲ, ನೀನು ಹಾಕ್ದೆ ಅಂತ ಮುಖಕ್ಕೆ ಹೊಡೆದ ಹಾಗೆ ಅಂದೆ. ನಾಲ್ಕು ಸಲ ಅವಳಿಗೆ ಓದಿ ಹೇಳಿದೋಳು ನಾನೇ. ಅವಳ ಹತ್ರ ಅದಕ್ಕೆ ಉತ್ತರ ಇರ್ಲಿಲ್ಲ. ಉತ್ತರ ಇಲ್ಲಿತ್ತು, ನಿನ್ನ ರಟ್ಟಲ್ಲಿ."

ಅವನು ಏನೋ ಹೇಳಲು ಹೋದ.

"ಹೋಗು ಈಗ. ಇದು ಇಲ್ಲೇ ಇರ್ಲಿ."

ಭಾನುವಾರ ಬೆಳಗ್ಗೆ ಟಾಕೀಸು ತುಂಬಿತ್ತು. ಫಸ್ಟ್ ಶೋ ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಿಡಿದು, ಅಕ್ಕ ಬಂದಾಗ ಸಿಳ್ಳೆ ಹೊಡೆದ. ವೇದಿಕೆಯ ಮೇಲೆ ಡೈರೆಕ್ಟರಮ್ಮ, ಸಣಕಲು ಹೆಂಗಸು, ತೊಡೆಯ ಮೇಲೆ ನೋಟ್‌ಬುಕ್ಕು. ಯಾರೋ ಹಾಡು ಹೆಚ್ಚಾಯಿತು ಎಂದರು. ಇನ್ನೊಬ್ಬರು ಹಾಡು ಸಾಲದು ಎಂದರು. ನಾಯಕನಿಗೆ ಫೈಟೇ ಇಲ್ಲವಲ್ಲ ಎಂದು ಒಬ್ಬ ಅಲವತ್ತುಕೊಂಡ.

ಅಕ್ಕ ಎದ್ದು ನಿಂತಳು. ಅವಳು ವೇದಿಕೆಗೆ ಬೆನ್ನು ಹಾಕಿ, ಕೂತ ಜನರ ಕಡೆಗೆ ತಿರುಗಿದಳು.

"ಈಯಮ್ಮ ಪುಸ್ತಕ ಕೆಡಿಸಿಲ್ಲ," ಎಂದಳು. "ನಮ್ಮ ಪುಸ್ತಕವೇ ಮೊಂಡು. ಕೊನೇ ಹದಿನಾರು ಪುಟ ನನ್ನ ತಮ್ಮ ಇನ್ನೊಂದು ಪುಸ್ತಕದ ರಟ್ಟಿಗೆ ತುಂಬಿಬಿಟ್ಟಿದ್ದ. ನಿನ್ನೆ ಓದ್ದೆ. ನಮ್ಮೋಳು ಸಹಿ ಹಾಕ್ತಾಳೆ. ಮೊದಲಿಂದ್ಲೂ ಹಾಕ್ತಾನೇ ಇದ್ಳು. ನಾನು ಅರ್ಧ ಓದಿ ಪೂರ್ತಿ ಗೊತ್ತು ಅಂದ್ಕೊಂಡು, ಹಾಕಿದೋರನ್ನ ಹೀನಾಯ ಮಾಡ್ದೆ. ಅದು ನನ್ನ ತಪ್ಪು. ಯಾರಿಗೆ ಹೇಳ್ತಿದ್ದೀನಿ ಅಂತ ಅವಳಿಗೆ ಗೊತ್ತು."

ಎಲ್ಲರೂ ಒಟ್ಟಿಗೆ ಅಂಟಣ್ಣನ ಕಡೆ ತಿರುಗಿದರು. ಫಸ್ಟ್ ಶೋ ಹಣೆ ಚಚ್ಚಿಕೊಂಡ. "ಅಯ್ಯೋ ಪಾಪಿ! ಒಂದು ವಾರದಿಂದ ಆ ಡೈರೆಕ್ಟರಮ್ಮನಿಗೆ ನಾನು ಬೈದದ್ದನ್ನೆಲ್ಲ ಈಗ ಯಾರಿಗೆ ವರ್ಗಾಯಿಸಲಿ?"

"ನನಗೇ ವರ್ಗಾಯಿಸು," ಎಂದ ಅಂಟಣ್ಣ. ಕಿವಿ ಸುಡುತ್ತಿತ್ತು, ಆದರೂ ತಲೆ ತಗ್ಗಿಸಲಿಲ್ಲ.

ಆಗ ಹಿಂದಿನ ಸಾಲಿನಲ್ಲಿ ಒಬ್ಬ ಗಿಡ್ಡ ಮುದುಕಿ ಎದ್ದಳು. ಎದ್ದದ್ದೂ ಕೂತದ್ದೂ ಹೆಚ್ಚು ಕಡಿಮೆ ಒಂದೇ ಎತ್ತರ. ಸಣ್ಣಿ.

"ನನ್ನದೂ ಒಂದು ಮಾತು," ಎಂದಳು ವೇದಿಕೆಯ ಕಡೆಗೆ. "ನಿಮ್ಮ ಸಿನಿಮಾದಲ್ಲಿ ಸಹಿ ಹಾಕುವಾಗ ಆ ಹುಡುಗಿ ಕಣ್ಣೀರು ಸುರಿಸ್ತಾಳೆ. ಅದು ಸುಳ್ಳು. ನಾನು ಹಾಕ್ದೋಳು. ಅಳೋಕೆ ಪುರುಸೊತ್ತೆಲ್ಲಿತ್ತು? ಹಿಂದೆ ಎಂಬತ್ತು ಜನ ಸಾಲು. ಪೆನ್ನು ಬೇರೆ ಬರೀತಿರ್ಲಿಲ್ಲ. ಮೂರು ಸಲ ಒದರಿದೆ."

"ಮೂರು ಸಲಾನಾ?" ಅಕ್ಕ ಕೇಳಿದಳು. ಇಪ್ಪತ್ತೆಂಟು ವರ್ಷಕ್ಕೆ ಮೊದಲ ಮಾತು, ಹತ್ತು ಸಾಲು ಕುರ್ಚಿಗಳ ತಲೆಯ ಮೇಲಿಂದ.

"ಮೂರು ಸಲ. ಮಸಿ ಎಲ್ಲ ಮ್ಯಾನೇಜರ್ ಅಂಗಿ ಮೇಲೆ. ಬಿಳೀ ಅಂಗಿ."

"ಥೂ, ಅದನ್ನ ನೋಡೋಕೆ ನಾನು ಅಲ್ಲಿರ್ಲಿಲ್ಲವಲ್ಲೇ!"

ಟಾಕೀಸು ನಕ್ಕಿತು. ಡೈರೆಕ್ಟರಮ್ಮ ನಗಲಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಸಭೆ ಮುಗಿದು ಜನ ಹೊರಬಿದ್ದಾಗ ಅಂಟಣ್ಣ ಮೆಟ್ಟಿಲ ಬಳಿ ಕಾದು ನಿಂತ. ಮೇಷ್ಟ್ರು ಹತ್ತಿರ ಬಂದು, "ಇನ್ಮೇಲೆ ಫಾರಂ ಎಣಿಸಿ ಕೊಡ್ತೀನಿ, ಎಣಿಸಿ ತಗೋತೀನಿ. ಬೇಜಾರು ಮಾಡ್ಕೋಬೇಡ," ಎಂದು ಹೋದರು. ಬೇಜಾರಾಯಿತು. ಆಗಬೇಕಾದದ್ದೇ.

ಅಕ್ಕ ಸಣ್ಣಿಯ ಜೊತೆ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳಲಿಲ್ಲ, ಅಳಲಿಲ್ಲ. ಮಗ್ಗದ ದೃಶ್ಯದಲ್ಲಿ ಆ ನಟಿಗೆ ಎಡಗೈ ಇದೆಯೆಂಬುದೇ ಗೊತ್ತಿರಲಿಲ್ಲ ಎಂಬಲ್ಲಿಗೆ ಅವರ ಮಾತು ಬಂದು ಮುಟ್ಟಿತ್ತು. ತಮ್ಮನನ್ನು ಕಂಡು ಅಕ್ಕ ನಿಂತಳು.

"ಅಕ್ಕ, ಬೈಯೋದಿದ್ರೆ ಬೈದುಬಿಡು. ಮಾತು ಬಿಡಬೇಡ."

"ಬಿಡೋಣ ಅಂತಾನೇ ಇದ್ದೆ," ಎಂದಳು. "ಒಬ್ಬಳ ಹತ್ರ ಮಾತು ಬಿಟ್ಟು ನಿಭಾಯಿಸೋ ಹೊತ್ತಿಗೇ ನನ್ನ ಪ್ರಾಣ ಹೋಗಿದೆ. ಇನ್ನೊಬ್ಬನ ಹತ್ರ ಬಿಡೋ ತ್ರಾಣ ಇಲ್ಲ ಕಣೋ. ಹೋಗು, ಎರಡು ಟಿಕೆಟ್ ತಗೊಂಡು ಬಾ. ಮಗ್ಗದಲ್ಲಿ ಏನೇನು ತಪ್ಪಿದೆ ಅಂತ ಡೈರೆಕ್ಟರಮ್ಮಂಗೆ ಬರೆದು ಕೊಡ್ಬೇಕಂತೆ, ಇನ್ನೊಂದು ಸಲ ನೋಡ್ತೀವಿ."

"ಮೂರು ತರ್ತೀನಿ."

"ಎರಡು," ಎಂದಳು ಸಣ್ಣಿ. "ನಿನ್ನ ಮೇಲಿನ ಸಿಟ್ಟು ನನಗಿನ್ನೂ ಶುರುವೇ ಆಗಿಲ್ಲ."

ಅಂಟಣ್ಣ ಟಿಕೆಟ್ ಕಿಟಕಿಯ ಕಡೆ ನಡೆದ.